ಹೊಗೆ ಹಾಕಿ ಬಿಡಿಸಿದ ಸೆಂಟ್ರಿಂಗ್: ಒಂದು ಪುಟ್ಟ ಚಾಪೆಲ್‌ನ ಪ್ರಕರಣ

ಕಾಂಕ್ರೀಟಿಗೆ ವಾಸನೆ ಇರುತ್ತದಾ? ಹಸಿಯಾಗಿದ್ದಾಗ ಸ್ವಲ್ಪ ಇರುತ್ತದೆ. ಒಣಗಿದ ಮೇಲೆ ಏನೂ ಇಲ್ಲ. ಮುಟ್ಟಿದರೆ ತಣ್ಣಗೆ, ನೋಡಿದರೆ ಬೂದು, ಮಾತಾಡಿದರೆ ಗಂಯ್ ಅನ್ನುತ್ತದೆ. ಅದಕ್ಕೇ ಅದರ ಮೇಲೆ ಗಾರೆ ಬಳಿಯುತ್ತೇವೆ, ಪೇಂಟ್ ಹೊಡೆಯುತ್ತೇವೆ, ಮರದ ಚಿತ್ರ ಅಚ್ಚಾದ ಲ್ಯಾಮಿನೇಟ್ ಅಂಟಿಸುತ್ತೇವೆ. ಕಣ್ಣಿಗೆ, ಕೈಗೆ ಹಿತವಾಗಬೇಕಾದದ್ದೆಲ್ಲ ಕೊನೆಯ ತಿಂಗಳಲ್ಲಿ ಮೇಲಿಂದ ಹಚ್ಚುವ ಒಂದು ಪದರ ಅಂತ ನಾವೆಲ್ಲ ಒಪ್ಪಿಕೊಂಡು ಕೂತಿದ್ದೇವೆ.

ಜರ್ಮನಿಯ ಒಂದು ಹೊಲದ ನಡುವೆ ನಿಂತಿರುವ ಪುಟ್ಟ ಚಾಪೆಲ್, ಅಂದರೆ ಕ್ರೈಸ್ತರ ಚಿಕ್ಕ ಪ್ರಾರ್ಥನಾ ಮಂದಿರ, ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅದರ ಕಾಂಕ್ರೀಟಿಗೆ ಹೊಗೆಯ ವಾಸನೆ ಹತ್ತಿತು, ಮರದ ಮೈ ಬಂತು, ಇದ್ದಿಲಿನ ಬಣ್ಣ ಬಂತು. ಒಂದನ್ನೂ ಮೇಲಿಂದ ಹಚ್ಚಲಿಲ್ಲ. ಕಟ್ಟುವ ಕೆಲಸ ಮುಗಿದಾಗ ಏನು ಉಳಿಯಿತೋ ಅದೇ ಫಿನಿಶಿಂಗ್. ಹೊಸ ಸಾಮಗ್ರಿ ಅಂದರೆ ಲ್ಯಾಬ್‌ನಿಂದ ಬಂದ ಹೊಸ ರಾಸಾಯನಿಕ ಅಂತ ತಿಳಿದವರಿಗೆ ಈ ಪ್ರಕರಣವನ್ನು ಬಿಡಿಸಿ ಹೇಳಬೇಕು ಅಂತ ನನಗೆ ತುಂಬಾ ದಿನದಿಂದ ಇತ್ತು. ಇಲ್ಲಿ ಬಳಸಿದ್ದು ಸಿಮೆಂಟ್, ಮರಳು, ಜಲ್ಲಿ, ಮರ, ಬೆಂಕಿ, ಸೀಸ, ಗಾಜು. ಇವುಗಳಲ್ಲಿ ಯಾವುದೂ ಹೊಸದಲ್ಲ.

ಯಾರು, ಎಲ್ಲಿ, ಯಾಕೆ

ಕಲೋನ್ ನಗರದ ನೈಋತ್ಯಕ್ಕೆ ಐಫೆಲ್ ಅನ್ನುವ ಗುಡ್ಡಗಾಡು ಸೀಮೆ ಇದೆ. ಪ್ಯಾರಿಸ್ಸಿನ ಗೋಪುರದ ಐಫೆಲ್ ಮನೆತನಕ್ಕೆ ಹೆಸರು ಬಂದದ್ದೂ ಇದೇ ಸೀಮೆಯಿಂದ. ಆ ಕಬ್ಬಿಣಕ್ಕೂ ಈ ಕಾಂಕ್ರೀಟಿಗೂ ಬೇರೆ ಸಂಬಂಧ ಏನಿಲ್ಲ, ಸುಮ್ನೆ ಹೇಳಿದೆ. ಅಲ್ಲಿ ಮೆಖರ್ನಿಖ್ ಪಟ್ಟಣಕ್ಕೆ ಸೇರಿದ ವಾಖೆನ್‌ಡಾರ್ಫ್ ಅನ್ನುವ ಹಳ್ಳಿ. ಅಲ್ಲಿನ ಒಬ್ಬ ರೈತ ಮತ್ತು ಅವರ ಹೆಂಡತಿ ತಮ್ಮದೇ ಹೊಲದಲ್ಲಿ ಒಂದು ಚಾಪೆಲ್ ಕಟ್ಟಿಸಬೇಕು ಅಂತ ಮನಸ್ಸು ಮಾಡಿದರು. ಒಳ್ಳೆಯ ಬದುಕು ಸಿಕ್ಕಿತು, ಅದಕ್ಕೊಂದು ಕೃತಜ್ಞತೆ ಸಲ್ಲಿಸಬೇಕು ಅನ್ನುವುದು ಅವರ ಆಸೆ.

ಅವರು ನೆನೆದ ಸಂತ ಬ್ರೂಡರ್ ಕ್ಲೌಸ್, ಅಂದರೆ ಅಣ್ಣ ಕ್ಲೌಸ್. 15ನೇ ಶತಮಾನದ ಸ್ವಿಸ್ ಮನುಷ್ಯ. ಆತನೂ ರೈತನೇ, ಹತ್ತು ಮಕ್ಕಳ ತಂದೆ. 1467ರಲ್ಲಿ ಮನೆಮಠ ಬಿಟ್ಟು ಒಂದು ಕಣಿವೆಯಲ್ಲಿ ಒಂಟಿಯಾಗಿ ಕೂತ. 1487ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ.

ದಂಪತಿ ಕಾಗದ ಬರೆದದ್ದು ಸ್ವಿಸ್ ಆರ್ಕಿಟೆಕ್ಟ್ ಪೀಟರ್ ಝುಮ್ಟೋರ್ ಅವರಿಗೆ. ಆಗಲೇ ದೊಡ್ಡ ಹೆಸರು. 1943ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿದವರು, ಅಪ್ಪ ಪೀಠೋಪಕರಣ ಮಾಡುವ ಬಡಗಿ, ಮಗನೂ ಮೊದಲು ಕಲಿತದ್ದು ಅದೇ ಕೆಲಸ. ಆಮೇಲೆ ಆರ್ಕಿಟೆಕ್ಟ್ ಆದವರು. 1996ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಸ್‌ನಲ್ಲಿ ಅವರು ಕಟ್ಟಿದ ಬಿಸಿನೀರಿನ ಸ್ನಾನಗೃಹ ತೆರೆಯಿತು. ಅದೇ ಊರಿನ ಕ್ವಾರ್ಟ್‌ಜೈಟ್ ಕಲ್ಲಿನ 60,000 ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಕಟ್ಟಡ ಅದು. 2000ದಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆದ ಎಕ್ಸ್‌ಪೋ ಅನ್ನುವ ವಿಶ್ವಮೇಳಕ್ಕೆ ಸ್ವಿಸ್ ಮಂಟಪ ಕಟ್ಟಿದಾಗ ಹಸಿ ಮರದ ತೊಲೆಗಳನ್ನು ಅಂಟು ಇಲ್ಲದೆ, ಮೊಳೆ ಇಲ್ಲದೆ ಪೇರಿಸಿ, ಉಕ್ಕಿನ ಕೇಬಲ್ಲಿನಿಂದ ಬಿಗಿದಿದ್ದರು. ಮೇಳ ಮುಗಿದ ಮೇಲೆ ಬಿಚ್ಚಿ ಆ ಮರವನ್ನು ಮಾರಿಬಿಡಬಹುದು ಅನ್ನುವ ಯೋಚನೆ. ಮರ ಒಣಗಿ ಕುಗ್ಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅದಕ್ಕೆ ಸ್ಪ್ರಿಂಗ್ ಜೋಡಿಸಿದ್ದರು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಾಪೆಲ್‌ಗೆ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಹೀಟರ್ ಇಲ್ಲ. ಹಳ್ಳಿಯಿಂದ ಹೊಲದ ನಡುವಿನ ದಾರಿಯಲ್ಲಿ ನಡೆದೇ ಹೋಗಬೇಕು.

ಕಟ್ಟಿದ ಬಗೆ

ಮೊದಲು ಹತ್ತಿರದ ಕಾಡಿನಿಂದ 112 ಮರಗಳ ಕಾಂಡ ತಂದರು. ಕಾಂಡಗಳನ್ನು ಒಂದಕ್ಕೊಂದು ಒತ್ತಿ, ಮೇಲ್ತುದಿ ಒಳಕ್ಕೆ ವಾಲುವಂತೆ ನಿಲ್ಲಿಸಿದರು. ಡೇರೆಯ ಕಂಬಗಳನ್ನು ಸುತ್ತ ನಿಲ್ಲಿಸಿದಂತೆ ಅಂದುಕೊಳ್ಳಿ. ಒಳಗೆ ಒಂದು ಖಾಲಿ ಜಾಗ, ಮೇಲೆ ಕಿರಿದಾದ ಬಾಯಿ. ಈ ಡೇರೆಯೇ ಒಳಗಿನ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹಿಡಿದಿಡುವ ತಾತ್ಕಾಲಿಕ ಅಚ್ಚು. ಹೊರಗೆ ಬೇರೆ ಸೆಂಟ್ರಿಂಗ್, ಅದು ನೆಟ್ಟಗೆ, ಐದು ಮೂಲೆಯದು. ಎರಡರ ನಡುವಿನ ಜಾಗಕ್ಕೆ ಕಾಂಕ್ರೀಟ್.

ಹೀಗಾಗಿ ಈ ಕಟ್ಟಡಕ್ಕೆ ಎರಡು ಮುಖ. ಹೊರಗಿನಿಂದ ನೋಡಿದರೆ ಚೂಪು ಮೂಲೆಯ ಒಂದು ಕಂಬ, 12 ಮೀಟರ್ ಎತ್ತರ. ಒಳಗೆ ಹೋದರೆ ಗುಹೆ. ಹೊರಗೆ ನಿಂತವರಿಗೆ ಒಳಗೇನಿದೆ ಅನ್ನುವ ಸುಳಿವೇ ಸಿಗುವುದಿಲ್ಲ.

ಕಾಂಕ್ರೀಟ್ ಕೂಡ ನಾವು ದಿನಾ ನೋಡುವ, ಪಂಪಿನಲ್ಲಿ ಹರಿದು ಬರುವ ತೆಳು ಕಾಂಕ್ರೀಟ್ ಅಲ್ಲ. ನೀರು ಕಡಿಮೆ ಇರುವ, ಉದುರುದುರಾದ ಮಿಶ್ರಣ. ನದಿಯ ಜಲ್ಲಿ, ಕೆಂಪು ಹಳದಿ ಮರಳು, ಬಿಳಿ ಸಿಮೆಂಟ್. ಅದನ್ನು ಸುರಿದು ದಿಮ್ಮಸಿನಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡುವುದು. ಒಂದು ದಿನದ ಕೆಲಸಕ್ಕೆ ಒಂದು ಪದರ, ಪದರಕ್ಕೆ ಅರ್ಧ ಮೀಟರ್. ಅಂಥ 24 ಪದರ. ಕುಟ್ಟಿದವರಲ್ಲಿ ಆ ಮನೆಯವರು, ಅವರ ಗೆಳೆಯರು, ಪರಿಚಯದವರು ಇದ್ದರು.

ಇಲ್ಲೊಂದು ಮಾತು. ಸೈಟಿನಲ್ಲಿ ಕೆಲಸ ಮಾಡಿದವರಿಗೆ ಕೋಲ್ಡ್ ಜಾಯಿಂಟ್ ಅಂದರೆ ಬೈಗುಳ. ನಿನ್ನೆ ಹಾಕಿದ ಕಾಂಕ್ರೀಟಿನ ಮೇಲೆ ಇವತ್ತು ಹಾಕಿದರೆ ನಡುವೆ ಗೆರೆ ಬೀಳುತ್ತದೆ, ಎರಡೂ ಒಂದಾಗಿ ಬೆಸೆಯುವುದಿಲ್ಲ, ಇಂಜಿನಿಯರ್ ಬಂದು ಮುಖ ಗಂಟಿಕ್ಕುತ್ತಾರೆ. ಇಲ್ಲಿ ಆ ಗೆರೆಗಳೇ ಹೊರಗೋಡೆಯ ಅಂದ. ನೆಲ ಅಗೆದಾಗ ಕಾಣುವ ಮಣ್ಣಿನ ಪದರದಂತೆ ಕಾಣುತ್ತವೆ. ಗೆರೆಗಳನ್ನು ಎಣಿಸಿದರೆ ಎಷ್ಟು ದಿನದ ಕೆಲಸ ಅಂತ ಗೊತ್ತಾಗುತ್ತದೆ. ತಪ್ಪು ಅನ್ನಿಸಿಕೊಂಡದ್ದನ್ನು ಅಡಗಿಸಲು ಹೋಗದೆ, ಅದನ್ನೇ ಲೆಕ್ಕ ಹಾಕಿ ಸಮ ಅಂತರದಲ್ಲಿ ತಂದದ್ದು ಜಾಣತನ. ಗೋಡೆ ದಪ್ಪ, ಭಾರ ನೇರ ಕೆಳಕ್ಕೆ, ಮೇಲೆ ಹೊರಬೇಕಾದ ಮಹಡಿ ಯಾವುದೂ ಇಲ್ಲ. ಹಾಗಾಗಿ ಇಲ್ಲಿ ಅದು ನಡೆಯುತ್ತದೆ. ನಾಲ್ಕು ಮಹಡಿಯ ಕಟ್ಟಡದ ತೊಲೆಯಲ್ಲಿ ಇದನ್ನು ಮಾಡಲು ಹೋಗಬೇಡಿ.

ಒಳಗಿನ ಡೇರೆಯನ್ನೂ ಹೊರಗಿನ ಸೆಂಟ್ರಿಂಗನ್ನೂ ಹಿಡಿದಿಡಲು ಗೋಡೆಯ ಆಚೆಯಿಂದ ಈಚೆಗೆ ಉಕ್ಕಿನ ಕೊಳವೆಗಳು ಹಾದುಹೋಗಿದ್ದವು. ಸುಮಾರು 350. ಮಾಮೂಲಿಯಾಗಿ ಕೆಲಸ ಮುಗಿದ ಮೇಲೆ ಇಂಥ ತೂತುಗಳಿಗೆ ಗಾರೆ ತುಂಬಿ ಒರೆಸಿಬಿಡುತ್ತಾರೆ. ಇಲ್ಲಿ ತುಂಬಲಿಲ್ಲ. ಒಳಬದಿಯಲ್ಲಿ ಪ್ರತಿ ತೂತಿಗೂ ಬಾಯಿಂದ ಊದಿ ಮಾಡಿದ ಒಂದು ಗಾಜಿನ ಗುಂಡು ಕೂರಿಸಿದರು.

ಬೆಂಕಿಯ ಭಾಗ

ಈ ಕಟ್ಟಡದ ಬಗ್ಗೆ ಬರೆಯುವ ತುಂಬಾ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಒಳಗಿನ ಮರಕ್ಕೆ ಬೆಂಕಿ ಹಚ್ಚಿದರು, ಅದು ಧಗಧಗ ಉರಿದು ಬೂದಿಯಾಯಿತು, ಖಾಲಿ ಜಾಗ ಉಳಿಯಿತು ಅಂತ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ನಡೆಯಲಿಲ್ಲ.

2006ರ ಶರತ್ಕಾಲದಲ್ಲಿ ಡೇರೆಯ ಒಳಗೆ ಹೊಗೆಯಾಡುವ ಬೆಂಕಿ ಹಾಕಿದರು. ಇದ್ದಿಲು ಸುಡುವವರ ಗೂಡಿನಲ್ಲಿ ಇರುತ್ತದಲ್ಲ, ಆ ತರಹ. ಜ್ವಾಲೆ ಏಳಬಾರದು, ಆರಲೂಬಾರದು. ಮೂರು ವಾರ ಹೀಗೇ ಕಾದರು. ಅಷ್ಟರಲ್ಲಿ ಕಾಂಡಗಳು ಒಣಗಿದವು, ಕಾಂಕ್ರೀಟಿನಿಂದ ಬಿಟ್ಟುಕೊಂಡವು. ಆಮೇಲೆ ಅವನ್ನು ಒಂದೊಂದಾಗಿ ತೆಗೆದರು. ಬೆಂಕಿಯ ಕೆಲಸ ಮರವನ್ನು ಇಲ್ಲವಾಗಿಸುವುದಲ್ಲ, ಒಣಗಿಸಿ ಸಡಿಲ ಮಾಡುವುದು.

ಇದರ ಹಿಂದಿನ ವಿಷಯ ಬಡಗಿಗಳಿಗೆಲ್ಲ ಗೊತ್ತಿರುವುದೇ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ನಾಳಗಳ ಒಳಗಿನ ಖಾಲಿ ಜಾಗದಲ್ಲಿ ಸ್ವಲ್ಪ, ನಾರಿನ ಗೋಡೆಯ ಒಳಗೆ ಸ್ವಲ್ಪ. ಮೊದಲನೆಯದು ಹೋದರೆ ಮರ ಹಗುರಾಗುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು 30 ಶೇಕಡಕ್ಕಿಂತ ಕೆಳಗೆ ಇಳಿದಾಗ ನಾರಿನ ನೀರು ಹೋಗಲು ಶುರುವಾಗುತ್ತದೆ. ಮರ ಕುಗ್ಗುವುದು ಆಗ. ಉದ್ದದಲ್ಲಿ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಡ್ಡಕ್ಕೆ ಜಾಸ್ತಿ. ಹಸಿ ಕಾಂಡದ ಸುತ್ತ ಕಾಂಕ್ರೀಟ್ ಹಾಕಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಾಂಡವನ್ನು ಒಣಗಿಸಿದರೆ, ಕಾಂಡ ಸಣ್ಣದಾಗಿ ಗೋಡೆಯಿಂದ ತಾನೇ ದೂರ ಸರಿಯುತ್ತದೆ. ಹ್ಯಾನೋವರ್ ಮಂಟಪದಲ್ಲಿ ಸ್ಪ್ರಿಂಗ್ ಹಾಕಿ ಸಂಭಾಳಿಸಿದ್ದ ಕುಗ್ಗುವಿಕೆಯೇ ಇಲ್ಲಿ ಸೆಂಟ್ರಿಂಗ್ ಬಿಚ್ಚುವ ಕೂಲಿಯಾಳಾಯಿತು. ಬಡಗಿಯಾಗಿ ಕಲಿತವರಿಗೆ ಮಾತ್ರ ಹೊಳೆಯುವಂಥ ಉಪಾಯ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಜೋರು ಬೆಂಕಿ ಹಾಕಿ ಬೇಗ ಮುಗಿಸಬಹುದಿತ್ತಲ್ಲ? ಮರದ ಮಟ್ಟಿಗೆ ಮುಗಿಯುತ್ತಿತ್ತು. ಗೋಡೆ ಉಳಿಯುತ್ತಿರಲಿಲ್ಲ. ಕಾಂಕ್ರೀಟಿನೊಳಗೆ ಯಾವಾಗಲೂ ನೀರಿನ ಪಸೆ ಇರುತ್ತದೆ. ಬಿಸಿ ತಟ್ಟನೆ ಏರಿದರೆ ಅದು ಆವಿಯಾಗಿ, ಹೊರಬರಲು ದಾರಿ ಸಿಗದೆ, ಮೇಲ್ಮೈಯನ್ನು ಚಕ್ಕೆ ಚಕ್ಕೆಯಾಗಿ ಸಿಡಿಸುತ್ತದೆ. 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಿಮೆಂಟಿನ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ. 573 ಡಿಗ್ರಿಗೆ ಕ್ವಾರ್ಟ್ಜ್ ಹರಳಿನ ಜೋಡಣೆಯೇ ಬದಲಾಗಿ ಅದು ಉಬ್ಬುತ್ತದೆ. ಮರಳು, ನದಿಯ ಜಲ್ಲಿ ಅಂದರೆ ಅದರಲ್ಲಿ ಕ್ವಾರ್ಟ್ಜ್ ಇದ್ದೇ ಇರುತ್ತದೆ. ಹಾಗಾಗಿ ಮೂರು ವಾರ ಅನ್ನುವುದು ಬರೀ ಕಾವ್ಯ ಅಲ್ಲ, ನಿಧಾನ ಮಾಡದೆ ವಿಧಿ ಇರಲಿಲ್ಲ.

ಮರ ತೆಗೆದ ಮೇಲೆ ನೆಲ. ಸೀಸವನ್ನು ಅಲ್ಲೇ ಮೂಸೆಯಲ್ಲಿ ಕರಗಿಸಿ, ಸೌಟಿನಿಂದ ಮೊಗೆದು ಕೈಯಿಂದಲೇ ನೆಲಕ್ಕೆ ಸುರಿದರು. ಸೀಸ ಕರಗಲು 327 ಡಿಗ್ರಿ ಸಾಕು, ಅದಕ್ಕೇ ಹೊಲದಲ್ಲೂ ಈ ಕೆಲಸ ಸಾಧ್ಯ. ಬಾಗಿಲು ಉಕ್ಕಿನದು, ಮುಕ್ಕೋನ. ಒಳಗೆ ಹಾನ್ಸ್ ಯೋಸೆಫ್‌ಸೋನ್ ಅನ್ನುವ ಶಿಲ್ಪಿ ಮಾಡಿದ ಸಂತನ ಕಂಚಿನ ತಲೆ. 2007ರ ಮೇ ತಿಂಗಳಲ್ಲಿ ಚಾಪೆಲ್ ತೆರೆಯಿತು. ಎರಡು ವರ್ಷ ಕಳೆದು, 2009ರಲ್ಲಿ ಝುಮ್ಟೋರ್ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಬಂತು.

ಉಳಿದದ್ದು ಏನು

ಕಾಂಡ ಹೋದ ಜಾಗದಲ್ಲಿ ಕಾಂಡದ ಗುರುತು ಉಳಿಯಿತು. ಕಾಂಡ ಉಬ್ಬಾಗಿದ್ದರೆ ಗೋಡೆ ತಗ್ಗು. ಎರಡು ಕಾಂಡ ತಾಗಿದ್ದ ಕಡೆ ಕಾಂಕ್ರೀಟ್ ನುಗ್ಗಿ ಚೂಪಾದ ಏಣಾಗಿದೆ. ತಗ್ಗು, ಏಣು, ತಗ್ಗು, ಏಣು. ಹೀಗೆ ಸುತ್ತಲೂ ಬುಡದಿಂದ ತುದಿಯವರೆಗೆ. ಕೆಳಗೆ ಅಗಲವಾಗಿ ಶುರುವಾಗಿ ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ತುದಿಯಲ್ಲಿ ಕಣ್ಣೀರಿನ ಹನಿಯ ಆಕಾರದ ಬಾಯಿ. ಅದಕ್ಕೆ ಮುಚ್ಚಳ ಇಲ್ಲ. ಮಳೆ ಬಂದರೆ ಒಳಗೇ ಬೀಳುತ್ತದೆ, ಸೀಸದ ನೆಲದ ತಗ್ಗಿನಲ್ಲಿ ನಿಲ್ಲುತ್ತದೆ.

ಮುಟ್ಟುವ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದೇ ಕೋಣೆಯಲ್ಲಿರುವ ಮರ, ಕಾಂಕ್ರೀಟ್, ಸೀಸ ಮೂರರ ಬಿಸಿಯೂ ಒಂದೇ. ಥರ್ಮಾಮೀಟರ್ ಹಿಡಿದರೆ ವ್ಯತ್ಯಾಸ ಕಾಣುವುದಿಲ್ಲ. ಆದರೂ ಕೈಗೆ ಮರ ಬೆಚ್ಚಗೆ, ಸೀಸ ಕೊರೆಯುವಷ್ಟು ತಣ್ಣಗೆ. ಯಾಕೆಂದರೆ ಬೆರಳಿಗೆ ಗೊತ್ತಾಗುವುದು ವಸ್ತುವಿನ ಬಿಸಿ ಅಲ್ಲ, ವಸ್ತು ಬೆರಳಿನಿಂದ ಎಷ್ಟು ಬೇಗ ಬಿಸಿ ಕಿತ್ತುಕೊಳ್ಳುತ್ತದೆ ಅನ್ನುವುದು. ಅದು ನಿಂತಿರುವುದು ವಸ್ತುವಿನ ಸಾಂದ್ರತೆ, ಶಾಖ ಹಿಡಿದಿಡುವ ಗುಣ, ಶಾಖ ಸಾಗಿಸುವ ಗುಣ ಈ ಮೂರರ ಮೇಲೆ. ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಕಾಂಕ್ರೀಟ್ ಹಗುರ ಮರಕ್ಕಿಂತ ಸುಮಾರು ಐದಾರು ಪಟ್ಟು, ಸೀಸ ಕಾಂಕ್ರೀಟಿಗಿಂತ ಸುಮಾರು ನಾಲ್ಕು ಪಟ್ಟು.

ಈಗ ಚಾಪೆಲ್‌ನ ಗೋಡೆಗೆ ಕೈ ಇಡುವವರನ್ನು ಊಹಿಸಿ. ಕಣ್ಣಿಗೆ ಕಾಣುವುದು ಸುಟ್ಟ ಮರ. ಕಾಂಡದ ಗಂಟು, ಗೆರೆ, ಮಸಿ ಎಲ್ಲ ಇದೆ. ಸುಟ್ಟ ಮರ ಅಂದರೆ ಹಗುರ, ಬೆಚ್ಚಗೆ, ಒತ್ತಿದರೆ ಪುಡಿಯಾಗುವಂಥದ್ದು ಅಂತ ಕೈ ಸಿದ್ಧವಾಗಿರುತ್ತದೆ. ಸಿಕ್ಕಿದ್ದು ಕಲ್ಲಿನ ತಂಪು. ಕಣ್ಣು ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ನನ್ನ ಪ್ರಕಾರ ಈ ಕಟ್ಟಡದ ಜೀವ ಇರುವುದು ಈ ಜಗಳದಲ್ಲಿ. ಮರದ ಚಿತ್ರ ಇರುವ ಲ್ಯಾಮಿನೇಟಿನಲ್ಲೂ ಕಣ್ಣು ಕೈ ಜಗಳ ಆಡುತ್ತವೆ, ಅಲ್ವಾ? ಆದರೆ ಅಲ್ಲಿ ಕೈಗೆ ಮೋಸ ಹೋದೆ ಅನ್ನಿಸುತ್ತದೆ. ಇಲ್ಲಿ ಹಾಗೆ ಅನ್ನಿಸದಿರಲು ಕಾರಣ ಇದೆ. ಮರ ನಿಜವಾಗಿ ಇಲ್ಲಿತ್ತು. ಈ ಗುರುತು ಬಿಟ್ಟು ಹೋದದ್ದು ಅದೇ.

ಕಣ್ಣಿನ ವಿಷಯಕ್ಕೆ ಬಂದರೆ, ಮಸಿ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೆಚ್ಚೂಕಡಿಮೆ ನುಂಗಿಬಿಡುತ್ತದೆ. ಬಿಸಿಲಿನ ಹೊಲದಿಂದ ಮುಕ್ಕೋನ ಬಾಗಿಲು ತಳ್ಳಿ ಒಳಗೆ ಬಂದವರಿಗೆ ಮೊದಲು ಏನೂ ಕಾಣುವುದಿಲ್ಲ, ಮೇಲಿನ ಆಕಾಶದ ತುಂಡು ಬಿಟ್ಟರೆ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹಾಗಾಗಿ ಇಲ್ಲಿನ ಗೋಡೆ ಒಮ್ಮೆಗೇ ಎದುರಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮೊದಲು ಗಾಜಿನ ಚುಕ್ಕಿಗಳು. ಆಮೇಲೆ ಮೇಲಿನಿಂದ ಜಾರುವ ಬೆಳಕಿನಲ್ಲಿ ಏಣುಗಳ ಗೆರೆ. ಕೊನೆಗೆ ನೆಲದ ಮಂಕು ಹೊಳಪು. ಎರಡು ನಿಮಿಷದಲ್ಲಿ ಫೋಟೋ ತೆಗೆದು ಹೊರಟವರು ಈ ಕಟ್ಟಡದ ಅರ್ಧವನ್ನೂ ನೋಡಿರುವುದಿಲ್ಲ. ಕ್ಯಾಮೆರಾ ಬೇರೆ ಕತ್ತಲೆಯನ್ನು ಬೆಳ್ಳಗೆ ಮಾಡಿ ತೋರಿಸುತ್ತದೆ, ಅದೊಂದು ಕಿರಿಕಿರಿ.

ಸದ್ದಿನ ಬಗ್ಗೆ ಒಂದೇ ಮಾತು. ಕೋಣೆಯ ಸದ್ದನ್ನು ಮೊದಲ ಬಾರಿಗೆ ಲೆಕ್ಕಕ್ಕೆ ತಂದ ವಾಲೇಸ್ ಸಬೈನ್ ಹೀರಿಕೊಳ್ಳುವಿಕೆಯ ಅಳತೆಗೋಲಾಗಿ ಹಿಡಿದದ್ದು ತೆರೆದ ಕಿಟಕಿಯನ್ನು. ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ, ಅಷ್ಟೇ. ಇಲ್ಲಿ ಆ ಕಿಟಕಿ ತಲೆಯ ಮೇಲಿದೆ, ಗೋಡೆಯ ಏಣುಗಳು ಸದ್ದನ್ನು ನೇರ ಹಿಂದಿರುಗಿಸದೆ ಚೆದುರಿಸುತ್ತವೆ. ಬರೀ ನಯವಾದ ಕಾಂಕ್ರೀಟ್ ಕೊಳವೆಯಾಗಿದ್ದರೆ ಒಂದು ಕೆಮ್ಮು ಸಾಕು, ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು.

ಇನ್ನು ವಾಸನೆ. ಮರದೊಳಗೆ ನಾರುಗಳನ್ನು ಬೆಸೆದು ಹಿಡಿಯುವ ಲಿಗ್ನಿನ್ ಬಿಸಿಗೆ ಒಡೆದಾಗ ಹುಟ್ಟುವ ಗ್ವಾಯಕಾಲ್‌ನಂಥ ವಸ್ತುಗಳೇ ಹೊಗೆಯ ವಾಸನೆಯ ಮೂಲ. ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅವು ಸೇರಿಕೊಂಡವು. ಹೊಸದರಲ್ಲಿ ಹೋಗಿ ಬಂದವರು ಬರೆದದ್ದರಲ್ಲಿ ಈ ವಾಸನೆಯ ಮಾತು ಮತ್ತೆ ಮತ್ತೆ ಬರುತ್ತದೆ. ಮೂಗಿನ ಸುದ್ದಿ ಬೇರೆ ಇಂದ್ರಿಯಗಳ ಸುದ್ದಿಯಂತೆ ಸುತ್ತಿ ಬಳಸಿ ಹೋಗುವುದಿಲ್ಲ, ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಜಾಗಕ್ಕೆ ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಹಾಗಾಗಿ ಅದನ್ನು ಮರೆಯುವುದು ಕಷ್ಟ. ಆದರೆ ವಾಸನೆಯನ್ನು ನೆಚ್ಚಿಕೊಂಡು ವಿನ್ಯಾಸ ಮಾಡುವವರು ಎರಡು ಸಂಗತಿ ಒಪ್ಪಿಕೊಳ್ಳಬೇಕು. ಒಳಗಿದ್ದವರ ಮೂಗಿಗೆ ಕೆಲವೇ ನಿಮಿಷದಲ್ಲಿ ಅದು ಅಭ್ಯಾಸವಾಗಿ ಹೋಗುತ್ತದೆ. ವರ್ಷಗಳು ಕಳೆದಂತೆ ವಾಸನೆಯೇ ಕರಗುತ್ತದೆ, ಅದೂ ಮೇಲೆ ಬಾಯಿ ತೆರೆದಿರುವ ಕಟ್ಟಡದಲ್ಲಿ.

ನಕಲು ಮಾಡಲು ಹೊರಟರೆ

ಈ ಚಾಪೆಲ್‌ನ ಫೋಟೋ ತೋರಿಸಿ, ‘ಇಂಥದ್ದೇ ಗೋಡೆ ಬೇಕು’ ಅಂತ ಕೇಳುವವರು ಸಿಗುತ್ತಾರೆ. ಸಾಮಾನ್ಯವಾಗಿ ಅವರಿಗೆ ಬೇಕಾದದ್ದು ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದು, ಕಪ್ಪು ಬಣ್ಣ ಹೊಡೆದ ಪ್ಯಾನೆಲ್. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೋಟೆಲ್ ಲಾಬಿಗೆ ಸಾಕು. ಆದರೆ ಒಂದೇ ಅಚ್ಚು ಎಂಟು ಸಲ ಬಂದಾಗ ಒಂದೇ ಗಂಟು ಎಂಟು ಕಡೆ ಕಾಣುತ್ತದೆ, ಅಷ್ಟು ಹೊತ್ತಿಗೆ ಕಣ್ಣಿಗೆ ಗುಟ್ಟು ಗೊತ್ತಾಗಿರುತ್ತದೆ.

ನಿಜವಾದ ದಾರಿಯಲ್ಲೇ ಹೋಗುತ್ತೇವೆ ಅನ್ನುವವರಿಗೆ ಬೇರೆ ತೊಡಕುಗಳಿವೆ. ಸೀಸ ವಿಷ, ಮುಖ್ಯವಾಗಿ ಮಕ್ಕಳ ಮಿದುಳಿಗೆ. ಯೂರೋಪಿಯನ್ ಒಕ್ಕೂಟ 2018ರಲ್ಲಿ ಅದನ್ನು ತುಂಬಾ ಕಾಳಜಿ ವಹಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇವತ್ತು ಜನ ಓಡಾಡುವ ನೆಲಕ್ಕೆ ಸೀಸ ಸುರಿಯುತ್ತೇನೆ ಅಂದರೆ ನಾನಂತೂ ಒಪ್ಪುವುದಿಲ್ಲ. ಮಸಿ ಬಟ್ಟೆಗೆ ಹತ್ತುತ್ತದೆ. ದಿನಾ ನೂರಾರು ಜನ ಉಜ್ಜಿಕೊಂಡು ಓಡಾಡುವ ಜಾಗದಲ್ಲಿ ಅದು ನಿಲ್ಲುವುದೂ ಇಲ್ಲ. ಸಿಮೆಂಟ್ ಜಾಸ್ತಿ ತಿನ್ನುವ ದಪ್ಪ ಗೋಡೆಗೆ, ಸಿಮೆಂಟ್ ತಯಾರಿಸುವಾಗ ಗಾಳಿಗೆ ಸೇರುವ ಇಂಗಾಲದ ಲೆಕ್ಕ ಬೇರೆ ಕೊಡಬೇಕು. ಅಷ್ಟು ದಪ್ಪ ಗೋಡೆಯನ್ನು ಸಮರ್ಥಿಸಿಕೊಳ್ಳಲು ಅದು ನೂರಾರು ವರ್ಷ ನಿಲ್ಲಬೇಕು, ಅಥವಾ ಚಾಪೆಲ್‌ನಷ್ಟೇ ಚಿಕ್ಕದಿರಬೇಕು. ಇನ್ನು ಮೂರು ವಾರ ಹಗಲು ರಾತ್ರಿ ಬೆಂಕಿ ಕಾಯಲು ಪರವಾನಗಿ ಸಿಗುವುದು ಹೊಲದ ನಡುವೆ ಮಾತ್ರ ಅಂತ ಕಾಣುತ್ತದೆ.

ನಮ್ಮ ಡಬ್ಬ

ಇಷ್ಟೆಲ್ಲ ಓದಿ ಸುಮ್ಮನಿರಲು ಆಗದೆ ನಾನೂ ಒಬ್ಬ ಗೆಳೆಯನೂ ಒಂದು ಹಳೆಯ ತಗಡಿನ ಡಬ್ಬದಲ್ಲಿ ಮಾಡಿ ನೋಡಿದೆವು. ಹಸಿ ಕೋಲು ಹನ್ನೊಂದು, ಡೇರೆಯಂತೆ ವಾಲಿಸಿ ಕಟ್ಟಿದ್ದು, ಸುತ್ತ ಕಾಂಕ್ರೀಟ್. ಕುಟ್ಟಲು ಸಹಾಯಕ್ಕೆ ಬಂದ ಮೇಸ್ತ್ರಿ ಒಂದು ವಾರದ ಮೇಲೆ ನಾವು ಸೀಮೆಎಣ್ಣೆ ತಂದದ್ದು ನೋಡಿ ಕೇಳಿದರು: “ಹಸಿ ಕಾಂಕ್ರೀಟಿಗೆ ಬೆಂಕಿ ಇಡ್ತಾರಾ ಸಾರ್? ನಾವು ಅದಕ್ಕೆ ಮೂರು ವಾರ ನೀರು ಹಾಕ್ತೀವಿ.”

ಕೇಳಬೇಕಿತ್ತು. ಅರ್ಧ ಗಂಟೆಯೊಳಗೆ ಒಳಗಿಂದ ಚಟ್ ಚಟ್ ಸದ್ದು ಬಂತು, ಅಂಗೈ ಅಗಲದ ಚಕ್ಕೆಯೊಂದು ಹಾರಿ ಗೆಳೆಯನ ಚಪ್ಪಲಿಯ ಹತ್ತಿರ ಬಿತ್ತು. ಕೋಲುಗಳ ತುದಿ ಬೂದಿಯಾಗಿತ್ತು. ನಡುವಿನ ಭಾಗ ಹಾಗೇ ಕಚ್ಚಿಕೊಂಡಿತ್ತು, ಸುತ್ತಿಗೆಯಿಂದ ಹೊಡೆದರೂ ಅಲುಗಲಿಲ್ಲ.

ಎರಡನೇ ಡಬ್ಬಕ್ಕೆ ಒಂದೂವರೆ ತಿಂಗಳು ಕಾದೆವು. ಬೆಂಕಿಗೆ ಸೀಮೆಎಣ್ಣೆ ಬೇಡ ಅಂತ ಮೇಸ್ತ್ರಿಯೇ ಮರದ ಹೊಟ್ಟು ತಂದರು. ಒಳಗೆ ತುಂಬಿ, ಒಂದು ಕೆಂಡ ಹಾಕಿ, ಮೇಲೆ ತಗಡು ಅರ್ಧ ಮುಚ್ಚಿದರು. ಹೊಗೆ ತೆಳ್ಳಗೆ ಬರುತ್ತಲೇ ಇತ್ತು. ದಿನಕ್ಕೆ ಎರಡು ಸಲ ಹೊಟ್ಟು ಹಾಕುವುದು, ತಗಡು ಸರಿಮಾಡುವುದು, ಅಷ್ಟೇ ಕೆಲಸ. ನಾಲ್ಕನೇ ದಿನ ಒಂದು ಕೋಲು ಹಿಡಿದು ತಿರುಗಿಸಿದೆ. ಕಿರ್ರ್ ಅಂತು. ಇನ್ನೊಮ್ಮೆ ತಿರುಗಿಸಿದೆ, ಹೊರಬಂತು. ಕೋಲು ಕಪ್ಪಾಗಿತ್ತು, ಆದರೆ ಮುರಿದಿರಲಿಲ್ಲ. ಅದರ ಜಾಗದಲ್ಲಿ ಕಪ್ಪು ತಗ್ಗು, ಅದರೊಳಗೆ ತೊಗಟೆಯ ಒಂದೊಂದು ಸುಕ್ಕೂ ಕಾಣುತ್ತಿತ್ತು. ಹನ್ನೊಂದರಲ್ಲಿ ಹತ್ತು ಹೀಗೇ ಬಂದವು. ಹನ್ನೊಂದನೆಯದಕ್ಕೆ ಒಂದು ಗಂಟು ಇತ್ತು, ಗಂಟು ಗೋಡೆಯನ್ನು ಹಿಡಿದುಕೊಂಡಿತ್ತು. ಅದು ಇವತ್ತಿಗೂ ಅಲ್ಲೇ ಇದೆ.

ಮೇಸ್ತ್ರಿ ತಗ್ಗಿನೊಳಗೆ ಹೆಬ್ಬೆರಳು ಓಡಿಸಿ, ಮಸಿ ಮೂಸಿ ನೋಡಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು. “ಗಾರೆ ಮಾಡೋದಾ ಇದಕ್ಕೆ?” ಅಂತ ಕೇಳಿದರು. ಬೇಡ ಅಂದೆವು. ಅವರು ನಂಬದೆ ಇನ್ನೊಂದು ಸಲ ಕೇಳಿದರು.